ಇತರೆ

ಫಾರಂ ಮಲಯಾಳದಲ್ಲಿತ್ತು. ಐದು ಮನೆ:
ಬಾಟಲಿ, ತೊಟ್ಟೆ, ಬಲೆಚೂರು, ಚಪ್ಪಲಿ,
ಕೊನೆಯದು ಮಟ್ಟುಳ್ಳವ.
"ಹಾಗಂದರೆ ಇತರೆ" ಎಂದಳು ನಿಶ್ಮಿತಾ,
ಕೈಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದುಕೊಳ್ಳುತ್ತ.
ನನ್ನ ಅಕ್ಷರ ದುಂಡಗೆಂದು
ಪೆನ್ನು ನನಗೆ ಬಂತು, ಗೋಣಿ ಉಳಿದವರಿಗೆ.

ಕೊಯಿಪ್ಪಾಡಿಯಲ್ಲಿ ಬೆಳಗಿನ ಆರೂವರೆ.
ರಾತ್ರಿಯಿಡೀ ಕಲ್ಲಿನ ಗೋಡೆಯೊಡನೆ ಜಗಳಾಡಿದ ಕಡಲು
ಏನೂ ಆಗದವರ ಹಾಗೆ ಹಿಂದೆ ಸರಿದು ಕೂತಿತ್ತು.
ಮರಳ ಮೇಲೆ ಅದು ಎಳೆದುಹೋದ ಕಪ್ಪು ಗೆರೆ:
ಪಾಚಿ, ಕೊತ್ತಳಿಗೆ, ಸತ್ತ ಏಡಿಯ ಕಾಲು,
ಅದರ ನಡುವೆ ನಮ್ಮ ಕೆಲಸ.

ಮೊದಲ ಅರ್ಧ ಗಂಟೆ ನಾವು ಒಳ್ಳೆಯವರಾಗಿದ್ದೆವು.
ಒಂದೊಂದೇ ಮುಚ್ಚಳ ಹೆಕ್ಕಿದೆವು, ಫೋಟೊಕ್ಕೆ ಬಾಗಿದೆವು.
ಆಮೇಲೆ ಬಿಸಿಲು ಬಂತು.
ಮೆಲ್ರಾಯ್ ಒಂದು ಡಯಾಪರ್ ಎತ್ತಿದ,
ನೀರು ಕುಡಿದು ಕೂಸಿನಷ್ಟೇ ಭಾರ.
ಯಾರೂ ನಗಲಿಲ್ಲ.
ಸ್ವಲ್ಪ ಹೊತ್ತಿನ ಮೇಲೆ ಎಲ್ಲರೂ ನಕ್ಕೆವು.

ತೊಟ್ಟೆಗಳಿಗೆ ಭಾಷೆಯಿತ್ತು.
ಮಂಗಳೂರ ಚಕ್ಕುಲಿ ಕನ್ನಡದಲ್ಲಿ,
ಬಾಳೆಕಾಯಿ ಚಿಪ್ಸು ಮಲಯಾಳದಲ್ಲಿ,
ಯಾವುದೋ ಸಾಬೂನಿನ ಹೊದಿಕೆ ಅರಬಿಯಲ್ಲಿ;
ಮುಫೀದ್ ಓದಿದ, ಅರ್ಥ ಅವನಿಗೂ ಆಗಲಿಲ್ಲ.
ತಲಪಾಡಿಯ ಚೆಕ್‌ಪೋಸ್ಟನ್ನು ನೀರಲ್ಲೇ ದಾಟಿ
ಚೀಟಿ ತೋರಿಸದೆ ಬಂದವು,
ಒಂದೇ ಗೋಣಿಗೆ ಹೋದವು.

ಚಪ್ಪಲಿ: ನೂರ ನಲವತ್ತೇಳು.
ಜೋಡಿ: ಒಂದೇ ಒಂದು, ಕಪ್ಪು.
"ಕಡಲಿಗೂ ಒಮ್ಮೊಮ್ಮೆ ಮನಸ್ಸು ಬರುತ್ತದೆ" ಎಂದ ಮುಫೀದ್.
ಉಳಿದವಕ್ಕೆ ಅವನೇ ಮದುವೆ ಮಾಡಿಸಿದ:
ಪುಟ್ಟ ಹುಡುಗಿಯ ನೀಲಿ ಎಡಗಾಲಿಗೆ
ಯಾರದೋ ಅಪ್ಪನ ಕಂದು ಬಲಗಾಲು.
ಗೋಡೆಯ ಉದ್ದಕ್ಕೂ ಸಾಲಾಗಿ ಇಟ್ಟ,
ಒಳಗೆ ಊಟದ ಪಂಕ್ತಿ ನಡೆಯುತ್ತಿದೆಯೇನೋ ಅನ್ನುವ ಹಾಗೆ.

ಆಗ ಬಂದರು ಐತಪ್ಪಜ್ಜ,
ಸೊಂಟದಲ್ಲಿ ಕತ್ತಿ, ಹೆಗಲಲ್ಲಿ ಬೈರಾಸು.
ಒಂದನ್ನು ಹಿಂಡಿ ನೋಡಿದರು, ಇನ್ನೊಂದನ್ನು ಮೂಸಿದರು,
ಬಾರು ಕಿತ್ತರು,
ಹೆಬ್ಬೆರಳ ಗುರುತಿದ್ದಲ್ಲಿ ಕತ್ತಿಯಿಟ್ಟು
ರಬ್ಬರನ್ನು ದುಂಡಗೆ ಕೊಯ್ದು ನಡುವೆ ತೂತು ಕೊರೆದರು.
ಬಲೆಗೆ ತೇಲು. ಅಂಗಡಿಯಲ್ಲಾದರೆ ದುಡ್ಡು.
ಸುಹರಾ ಟೀಚರಿಗೆ ಗಾಬರಿ, ಲೆಕ್ಕ ತಪ್ಪುತ್ತದೆಂದು.
"ಕಡಲ್ ದಾಲಾ ದೀವೊನುಜಿ" ಎಂದರು ಅಜ್ಜ,
ಕಡಲು ಏನನ್ನೂ ಇಟ್ಟುಕೊಳ್ಳುವುದಿಲ್ಲ.
ಅವರ ದೋಣಿಯ ಎರಡು ಹಲಗೆ, ಒಂದು ಹುಟ್ಟು
ಇನ್ನೂ ವಾಪಸು ಬಂದಿಲ್ಲವೆಂದು
ನಿಶ್ಮಿತಾ ನನ್ನ ಕಿವಿಯಲ್ಲಿ ಹೇಳಿದಳು.

ಗೋಣಿಯ ಬಾಯಿ ಕಟ್ಟುವಾಗ ಕಂಡೆ,
ಬಲೆಚೂರಿನ ಗಂಟಿನೊಳಗೆ
ಆಗಲೇ ದುಂಡಗೆ ಕೊಯ್ದ ನಾಲ್ಕು ಚಪ್ಪಲಿ.
ಹೋಗಿ, ಮೀನಿಗೆ ಕಾದು, ಹರಿದು, ಮತ್ತೆ ಬಂದಿದ್ದವು.
ಯಾವ ಮನೆಗೆ ಬರೆಯಲಿ?
ಬಲೆಯೆನ್ನಲೇ, ಚಪ್ಪಲಿಯೆನ್ನಲೇ?

ನನ್ನನ್ನು ಶಾಲೆಗೆ ಸೇರಿಸುವಾಗ
ಅಪ್ಪನೂ ಹೀಗೇ ಪೆನ್ನು ಎತ್ತಿ ಹಿಡಿದು ನಿಂತಿದ್ದನಂತೆ.
ಮನೆಯಲ್ಲಿ ತುಳು, ಪಾಠ ಕನ್ನಡ,
ಬಸ್ಸಿನ ಬೋರ್ಡು ಮಲಯಾಳ.
ಕೊನೆಯ ಮನೆಗೆ ಗೀಟು ಹಾಕಿ ಬಂದ.
ಆ ಮನೆ ಯಾವ ಫಾರಮ್ಮಿನಲ್ಲೂ ಎಲ್ಲಕ್ಕಿಂತ ಚಿಕ್ಕದು,
ಎಲ್ಲಕ್ಕಿಂತ ಬೇಗ ತುಂಬುತ್ತದೆ.
ನಾಲ್ಕು, ಎಂದು ಬರೆದೆ. ಜಾಗ ಸಾಲದೆ ಅಂಚಿಗೆ ಹೋಯಿತು.

ಹತ್ತಕ್ಕೆ ಹರಿತಕರ್ಮ ಸೇನೆಯ ಟೆಂಪೋ.
ಇಳಿದ ಶಾಂಭವಿಯಕ್ಕನ ಎಂದಿನ ಪ್ರಶ್ನೆ:
"ಪ್ಲಾಸ್ಟಿಕ್ ತೊಳೆದಿದ್ದೀರಾ?"
ಮೆಲ್ರಾಯ್ ಕೈ ಬೀಸಿ ಇಡೀ ಕಡಲನ್ನು ತೋರಿಸಿದ.

ಆಮೇಲೆ ಅವನು ತನ್ನ ಚಪ್ಪಲಿ ಹುಡುಕಿದ.
ಕಪ್ಪು. ನೀರಂಚಿನಲ್ಲಿ ಬಿಟ್ಟಿದ್ದನಂತೆ.
ಎಡದ್ದು ಗೋಡೆಯ ಮೇಲಿತ್ತು.

ನೂರ ನಲವತ್ತೇಳನ್ನು ಹೊಡೆದು
ನೂರ ನಲವತ್ತೈದು ಮಾಡಿದೆ.
ಕಾದ ಡಾಮರಿನ ಮೇಲೆ ಕುಂಟುತ್ತ ಅವನು ಕುಂಬಳೆಯ ಕಡೆಗೆ.
ಬಲಗಾಲಿನದು
ನಾಳೆ ನಸುಕಿಗೆ ಐತಪ್ಪಜ್ಜನ ಜೊತೆ
ಬಂಗುಡೆಗೆ ಹೋಗುತ್ತದೆ.